ಮೇಲಿನಂತೆ

"ಅದೆಲ್ಲಾ ಸರಿ ಸರ್, ಆದ್ರೆ 'ಮೇಲಿನಂತೆ' ಅಂದ್ರೆ ಯಾವುದರ ಮೇಲಿನಂತೆ?"

ಕೇಳಿದವಳು ಕೋಣೆಯಲ್ಲಿದ್ದ ಒಂದೇ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮುದುಕ ಮಂಚದ ಮೇಲೆ. ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಎರಡು ಬೆರಳಗಲದ ಒಂದು ಚೀಟಿ. ಹಳತಾಗಿ ಚಹಾದ ಬಣ್ಣಕ್ಕೆ ತಿರುಗಿದ್ದ ಚೀಟಿಯ ತೂತಿನಲ್ಲಿ ನೂಲಿನ ತುಂಡು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ಒಂದು ಹಕ್ಕಿಯ ಕಾಲಿನಿಂದ ಬಿಚ್ಚಿ ತಂದಿದ್ದಳು. ಚೀಟಿಯ ತುಂಬ ಇರುವೆ ಸಾಲಿನಂಥ ಪೆನ್ಸಿಲ್ ಅಕ್ಷರ. ಸಂಖ್ಯೆ ನಲವತ್ತೆರಡು. ಗಂಡು. ಉದ್ದ ಇಷ್ಟು, ರೆಕ್ಕೆ ಇಷ್ಟು, ಬಾಲ ಇಷ್ಟು. ಕೊಕ್ಕು ಕಪ್ಪು, ಬುಡದಲ್ಲಿ ನಸು ನೇರಳೆ. ಕಾಲು ಕೆಂಪು. ಕಣ್ಣು: ಮೇಲಿನಂತೆ.

ಅಕ್ಷರ ಮುದುಕನದೇ. ಐವತ್ತೊಂದು ವರ್ಷದ ಹಿಂದಿನದು. ನೋಡಿದ ಕೂಡಲೇ ಗುರುತು ಹತ್ತಿತು. ಇಷ್ಟು ವರ್ಷ ಕಾಣದೆ ಹೋದ ಮನುಷ್ಯನೊಬ್ಬ ಬೀದಿಯಲ್ಲಿ ಎದುರಾದ ಹಾಗೆ.

"ಸರ್ ಗಿರ್ ಬೇಡಮ್ಮ," ಅಂದ. "ಮ್ಯೂಸಿಯಮ್ಮಿನಲ್ಲಿ ನನ್ನನ್ನ ಯಾರೂ ಸರ್ ಅಂದೋರಲ್ಲ. ಹತ್ತಿ ಮಾಮ ಅಂತಿದ್ರು."

"ಗೊತ್ತು. ಈಗಲೂ ಹಾಗೇ ಅಂತಾರೆ. ಆಫೀಸಲ್ಲಿ ನಿಮ್ಮ ವಿಳಾಸ ಕೇಳಿದೆ. 'ಹತ್ತಿ ಮಾಮಾನಾ? ಇದ್ದಾರಾ ಇನ್ನೂ?' ಅಂತ ನನ್ನನ್ನೇ ಕೇಳಿದ್ರು." ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಹತ್ತಿ ಮಾಮ ಜೋರಾಗಿ ನಕ್ಕ. ನಕ್ಕು ಎಷ್ಟು ದಿನವಾಗಿತ್ತೋ, ನಗು ಅರ್ಧಕ್ಕೆ ಕೆಮ್ಮಾಗಿ ಬಿಟ್ಟಿತು.

ಆ ಹೆಸರು ಅವನಿಗೆ ಬಂದದ್ದು ಕೆಲಸದಿಂದ. ಮ್ಯೂಸಿಯಮ್ಮಿನವರು ಕಾಡಿಗೆ ಹೊರಟಾಗಲೆಲ್ಲ ಇವನು ಜೊತೆಗೆ. ಹೊಡೆದು ತಂದ ಹಕ್ಕಿಯ ಹೊಟ್ಟೆ ಸೀಳಿ, ಅಂಗಿ ಕಳಚಿದಷ್ಟು ನಯವಾಗಿ ತೊಗಲು ಬಿಡಿಸಿ, ಒಳಗೆ ಹತ್ತಿ ತುಂಬಿ, ಹೊಲಿದು, ಕಾಲಿಗೆ ಚೀಟಿ ಕಟ್ಟುವುದು. ಕಣ್ಣಿದ್ದ ಜಾಗಕ್ಕೂ ಹತ್ತಿಯೇ. ಮ್ಯೂಸಿಯಮ್ಮಿನ ಖಾನೆಗಳಲ್ಲಿ ಇವತ್ತಿಗೂ ಇವನ ಕೈಯಿಂದ ದಾಟಿದ ಸಾವಿರಾರು ಹಕ್ಕಿಗಳು ಬೆನ್ನ ಮೇಲೆ ಅಂಗಾತ ಮಲಗಿ, ಬೆಳ್ಳನೆಯ ಹತ್ತಿಗಣ್ಣು ತೆರೆದುಕೊಂಡು ಸೂರು ನೋಡುತ್ತಿವೆ. ನಿವೃತ್ತಿಯಾಗಿ ಹತ್ತೊಂಬತ್ತು ವರ್ಷ. ಮದುವೆ ಆಗಲಿಲ್ಲ. ವರ್ಷದಲ್ಲಿ ಏಳು ತಿಂಗಳು ಗುಡಾರದಲ್ಲಿ ಇರುವವನಿಗೆ ಯಾರು ತಾನೇ ಹೆಣ್ಣು ಕೊಟ್ಟಾರು. ತಂಗಿಯೊಬ್ಬಳಿದ್ದಾಳೆ, ದೂರದೂರಿನಲ್ಲಿ. ಫೋನಿನಲ್ಲಿ ಇಬ್ಬರೂ ತಮ್ಮ ತಮ್ಮ ಮಾತ್ರೆಗಳ ಹೆಸರು ಹೇಳಿಕೊಂಡು ಇಡುತ್ತಾರೆ. ಮೂರನೇ ಮಹಡಿಯ ಈ ಕೋಣೆಗೆ ಮೆಟ್ಟಿಲು ಹತ್ತಿ ಬರುವವರು ಅಂದರೆ ವಿದ್ಯುತ್ ಮೀಟರ್ ನೋಡುವವನು, ಅವನೂ ಈಗ ಕೆಳಗೇ ಯಂತ್ರ ಇಟ್ಟ ಮೇಲೆ ಬರುವುದನ್ನು ಬಿಟ್ಟಿದ್ದಾನೆ.

ಇವಳು ಬಂದಿದ್ದಳು.

"ನಾನು ಕಣ್ಣಿನವಳು," ಅಂತ ಬಾಗಿಲಲ್ಲೇ ಪರಿಚಯ ಹೇಳಿಕೊಂಡಿದ್ದಳು. ಮ್ಯೂಸಿಯಮ್ಮಿನ ಹಿಂಬದಿಯ ವರ್ಕ್‌ಶಾಪಿನಲ್ಲಿ ಗಾಜಿನ ಕಣ್ಣುಗಳಿಗೆ ಹಿಂದಿನಿಂದ ಬಣ್ಣ ಬಳಿಯುವುದು ಅವಳ ಕೆಲಸ. ಎಲ್ಲರೂ ಕಣ್ಣಕ್ಕ ಅಂತಾರಂತೆ. ಮೂವತ್ತೈದೋ ಮೂವತ್ತೆಂಟೋ ಇರಬೇಕು. ಬಲಗೈ ಉಗುರಿನ ಸಂದಿಯಲ್ಲಿ ಕಿತ್ತಳೆ ಬಣ್ಣ ಅಂಟಿತ್ತು.

ವಿಷಯ ಇಷ್ಟು. ಮ್ಯೂಸಿಯಮ್ಮಿನಲ್ಲಿ ಹೊಸ ಹಜಾರವೊಂದು ತೆರೆಯುತ್ತಿದೆ, ಪಾರಿವಾಳಗಳದ್ದೇ ಹಜಾರ. ಭೂಮಿಯ ಮೇಲೆ ಮುನ್ನೂರು ಚಿಲ್ಲರೆ ಜಾತಿಯ ಪಾರಿವಾಳ, ಬೆಳವ ಇವೆಯಲ್ಲ, ಅವುಗಳಲ್ಲಿ ನೂರಾ ಹನ್ನೆರಡನ್ನು ಖಾನೆಯಿಂದ ಎತ್ತಿ, ತೊಗಲು ನೆನೆಸಿ ಮೆದು ಮಾಡಿ, ಒಳಗೆ ತಂತಿ ಕೊಟ್ಟು ಕೊಂಬೆಯ ಮೇಲೆ ನಿಲ್ಲಿಸಿದ್ದಾರೆ. ಗುಬ್ಬಚ್ಚಿಗಿಂತ ಸ್ವಲ್ಪವೇ ದೊಡ್ಡದಾದ ನೆಲಬೆಳವದಿಂದ ಹಿಡಿದು ದೊಡ್ಡ ಹುಂಜದಷ್ಟಿರುವ ಕಿರೀಟ ಪಾರಿವಾಳದವರೆಗೆ. ನೂರಾ ಹನ್ನೊಂದಕ್ಕೆ ಕಣ್ಣು ಕೂತಿದೆ. ಒಂದಕ್ಕೆ ಇಲ್ಲ. ಅದೇ ಈ ನಲವತ್ತೆರಡು.

"ಮೇಲಿನಂತೆ ಅಂದ್ರೆ ನಲವತ್ತೊಂದರ ಹಾಗೆ," ಅಂದ ಹತ್ತಿ ಮಾಮ.

"ನಲವತ್ತೊಂದು ಇಲ್ಲ. ಮೂವತ್ತು ವರ್ಷದ ಹಿಂದೆ ಹುಳ ಹೊಡೆದು ಬಿಸಾಕಿದ್ದಾರೆ, ಚೀಟಿ ಸಮೇತ. ಈ ಜಾತಿದು ಪ್ರಪಂಚದಲ್ಲಿ ಇನ್ನೆರಡೇ ತೊಗಲು ಇರೋದು. ಎರಡೂ ಯಾರೋ ವ್ಯಾಪಾರಿಯ ಹತ್ತಿರ ಕೊಂಡಿದ್ದು, ಅವಕ್ಕೆ ಚೀಟೀನೇ ಇಲ್ಲ. ನೀವು ಹೋಗಿದ್ದ ಆ ದ್ವೀಪದಲ್ಲಿ ಈಗ ಕಾಡು ಇಲ್ಲ. ಆ ಹಕ್ಕೀನ ಆಮೇಲೆ ಯಾರೂ ನೋಡಿಲ್ಲ. ಫೋಟೋ ಇಲ್ಲ. ಆ ಕಣ್ಣನ್ನ ನೋಡಿ ಬರೆದವರು ಅಂತ ಬದುಕಿರೋರು ನೀವೊಬ್ಬರೇ."

"ಹಾಗಾದ್ರೆ ಸುಮ್ನೆ ಒಂದು ಕಪ್ಪು ಕಣ್ಣು ಹಾಕಿ ಬಿಡ್ತಾರಪ್ಪ. ನಮ್ಮ ಕಾಲದಲ್ಲಿ ಹಾಗೇ ಮಾಡ್ತಿದ್ರು."

"ಕ್ಯುರೇಟರ್ ಮೇಡಂ ಅದನ್ನೇ ಹೇಳ್ತಿದ್ದಾರೆ. ನನ್ನ ಕೈ ಬರಲ್ಲ." ಅವಳು ಮುಂದಕ್ಕೆ ಬಾಗಿದಳು. "ನೋಡಿ, ನಾನು ಈ ಕೆಲಸ ಹಿಡಿಯೋ ಮೊದಲು ಪಾರಿವಾಳ ಅಂದ್ರೆ ಪಾರಿವಾಳ ಅಷ್ಟೇ ಅಂದ್ಕೊಂಡಿದ್ದೆ. ಬಸ್‌ಸ್ಟಾಂಡ್ ಮೇಲೆ ಕೂತು ಗಲೀಜು ಮಾಡೋದು. ಈಗ ಎಂಟು ತಿಂಗಳಾಯ್ತು, ಬರೀ ಕಣ್ಣೇ ಕಣ್ಣು. ಬೂದು ಪಾರಿವಾಳಕ್ಕೆ ಕಿತ್ತಳೆ. ಒಂದಕ್ಕೆ ಹಾಲಿನಂಥ ಬಿಳಿ. ಹಸಿರು ಪಾರಿವಾಳಕ್ಕಂತೂ ಎರಡು ಬಳೆ, ಒಳಗೊಂದು ತಿಳಿನೀಲಿ, ಹೊರಗೊಂದು ಗುಲಾಬಿ. ಅಬ್ಬಬ್ಬಾ, ಅದೊಂದಕ್ಕೇ ನಾಲ್ಕು ದಿನ ತಗೊಂಡೆ. ಎಲ್ಲಾ ಬರೆದಿಟ್ಟಿದ್ದಕ್ಕೆ ತಾನೇ ಗೊತ್ತಾಗಿದ್ದು? ಅದರಲ್ಲಿ ಅರ್ಧ ನಿಮ್ಮದೇ ಚೀಟಿ. 'ಕಣ್ಣು: ಹಣ್ಣಾದ ಮೆಣಸಿನಕಾಯಿಯ ಕೆಂಪು, ಅಂಚಿನಲ್ಲಿ ಕಂದು' ಅಂತ ಬರೆದೋರು ನೀವು, 'ಮೇಲಿನಂತೆ' ಅಂತ ಬರೆದೋರೂ ನೀವು. ನೋಟ್‌ಬುಕ್ ಏನಾದ್ರೂ ಇದೆಯಾ?"

ಇತ್ತು. ಎಲ್ಲಿತ್ತು ಅಂದರೆ ಅವಳ ನೆತ್ತಿಯ ಮೇಲೆಯೇ ಇತ್ತು. ಬಾಗಿಲ ಮೇಲಿನ ಅಟ್ಟದಲ್ಲಿ ತಗಡಿನ ಟ್ರಂಕು, ಟ್ರಂಕಿನಲ್ಲಿ ಹದಿನೇಳು ನೋಟ್‌ಬುಕ್ಕು, ವರ್ಷವಾರು ದಾರ ಕಟ್ಟಿ. ಸ್ಟೂಲು ಹತ್ತಿ ಕೈ ಚಾಚಿದರೆ ಆಯಿತು. ಆಮೇಲೆ ಇವಳು ಒಂದು ಬಣ್ಣದ ಹೆಸರು ಬರೆದುಕೊಂಡು, ಥ್ಯಾಂಕ್ಸ್ ಹೇಳಿ, ಮೆಟ್ಟಿಲಿಳಿದು ಹೋಗುತ್ತಾಳೆ. ಐದು ನಿಮಿಷದ ಕೆಲಸ.

"ಇದೆ," ಅಂದಿತು ಹತ್ತಿ ಮಾಮನ ಬಾಯಿ. "ಆದ್ರೆ ಎಲ್ಲಿಟ್ಟಿದ್ದೀನೋ, ಹುಡುಕಬೇಕು. ಶುಕ್ರವಾರ ಬನ್ನಿ."

ಅವನು ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳೋಣವೆಂದರೆ ಕೈ ಬಗ್ಗಲಿಲ್ಲ, ಅಷ್ಟೇ. ಅವಳು ಹೋದ ಮೇಲೆ ಕುರ್ಚಿಯನ್ನು ಗೋಡೆಗೆ ಸರಿಸದೆ ಹಾಗೇ ಬಿಟ್ಟ.

ಕೆಳಗಿನ ಮಹಡಿಯಲ್ಲಿ ದರ್ಜಿಯಮ್ಮ ಇರುತ್ತಾಳೆ. ಬಟ್ಟೆಯಂಗಡಿಗಳಿಗೆ ಕಾಲರ್ ಹೊಲಿದು ಕೊಡುವವಳು. ಹಗಲೆಲ್ಲ ಅವಳ ಮಿಷಿನ್ನಿನ ಸದ್ದು ಹತ್ತಿ ಮಾಮನ ನೆಲದಡಿ ಓಡುತ್ತಿರುತ್ತದೆ. ಟ್ರಂಕು ಇಳಿಸಲು ಅವಳನ್ನೇ ಕರೆದ.

"ಎಪ್ಪತ್ತೊಂಬತ್ತನೇ ವಯಸ್ಸಿಗೆ ಟ್ರಂಕ್ ಇಳಿಸ್ತಿದ್ದೀರಿ, ಎಲ್ಲಿಗೆ ಸವಾರಿ?" ಅಂದಳು ಒಂದು ಕಡೆ ಹಿಡಿ ಹಿಡಿದು. "ಮೇಲೆ ಹೆಣ್ಣಿನ ಧ್ವನಿ ಕೇಳಿಸ್ತು. ಓಡಿ ಹೋಗೋದಾದ್ರೆ ನನ್ನ ಇಸ್ತ್ರಿ ಪೆಟ್ಟಿಗೆ ವಾಪಸ್ ಕೊಟ್ಟು ಹೋಗಿ."

"ಆಫೀಸಿನವರಮ್ಮ. ನನ್ನ ಹಳೇ ದಾಖಲೆ ಬೇಕಂತೆ."

"ಹಾಂ, ಹಾಂ. ದಾಖಲೆ." ದರ್ಜಿಯಮ್ಮ ಸೊಂಟ ಹಿಡಿದುಕೊಂಡು ನೆಟ್ಟಗಾದಳು. "ಒಳಗೇನು ಕಲ್ಲು ತುಂಬಿದ್ದೀರಾ? ಅಯ್ಯೋ ನನ್ನ ನಡುವೇ!"

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಹತ್ತಿ ಮಾಮ ಆ ವರ್ಷದ ನೋಟ್‌ಬುಕ್ ತೆಗೆದ. ಹಾಳೆಗಳಿಂದ ಕರ್ಪೂರದ ಗುಳಿಗೆಯ ವಾಸನೆ ಬಂತು. ಆ ದ್ವೀಪ ಚೆನ್ನಾಗಿ ನೆನಪಿತ್ತು. ಹಗಲಿಡೀ ಹನಿಯುವ ಕಾಡು, ಒಣಗದ ಬಟ್ಟೆ, ಎಲ್ಲರಿಗೂ ಸರದಿಯ ಮೇಲೆ ಜ್ವರ. ಹಣ್ಣಿನ ಮರವೊಂದರ ಕೆಳಗೆ ನಾಲ್ಕೈದು ಜಾತಿಯ ಪಾರಿವಾಳ ಒಟ್ಟಿಗೆ ಇಳಿಯುತ್ತಿದ್ದವು. ನಲವತ್ತೆರಡು ಅವುಗಳಲ್ಲೆಲ್ಲ ಸಪ್ಪೆ. ಮಣ್ಣು ಬಣ್ಣದ ಮೈ, ಕತ್ತಿನಲ್ಲಿ ಮಾತ್ರ ಬೆಳಕು ಬಿದ್ದರೆ ಒಂದಿಷ್ಟು ನೇರಳೆ. ಗಂಟಲ ಚೀಲದಲ್ಲಿ ಹನ್ನೊಂದು ಬೀಜ ಇದ್ದವು. ಅದೂ ನೆನಪಿತ್ತು. ಕಣ್ಣು ಹೇಗಿತ್ತಪ್ಪ ಅಂದುಕೊಳ್ಳುತ್ತ ಪುಟ ತಿರುಗಿಸಿದ.

ನಲವತ್ತೆರಡು. ಕಣ್ಣು: ಮೇಲಿನಂತೆ.

ಅದು ಗೊತ್ತಿದ್ದದ್ದೇ. ಬೆರಳು ಮೇಲಕ್ಕೆ ಹೋಯಿತು. ನಲವತ್ತೊಂದು, ಅದೇ ಜಾತಿಯ ಹೆಣ್ಣು. ಕಣ್ಣು: ಮೇಲಿನಂತೆ. ನಲವತ್ತು, ಬೇರೆ ಜಾತಿ. ಕಣ್ಣು: ಮೇಲಿನಂತೆ. ಬೆರಳು ಒಂದು ಕ್ಷಣ ನಿಂತಿತು. ಮೂವತ್ತೊಂಬತ್ತು, ಮತ್ತೊಂದು ಜಾತಿ. ಮೇಲಿನಂತೆ. ಪುಟದ ಮೇಲಿನ ತುದಿಯವರೆಗೂ ಮೇಲಿನಂತೆ. ಹಿಂದಿನ ಪುಟ ತಿರುಗಿಸಿದರೆ ಅಲ್ಲೂ ಮೇಲಿನಂತೆ, ಮೇಲಿನಂತೆ, ಕೊನೆಗೆ ಮೂವತ್ತೆರಡರ ಎದುರು 'ಕೆಂಪು' ಅಂತ ಒಂದು ಪದ. ಮೂವತ್ತೆರಡು ಪಾರಿವಾಳವೇ ಅಲ್ಲ. ಅದೊಂದು ಕೋಗಿಲೆ.

ಹತ್ತಿ ಮಾಮ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೋಗಿಲೆಯೇ.

ಜ್ವರ ಬಂದಿತ್ತು. ಹೌದು, ಆ ಸಲ ಅವನ ಸರದಿ. ನಡುಗುತ್ತಲೇ ತೊಗಲು ಬಿಡಿಸಿದ್ದ. ಕೈಗೆ ಅಭ್ಯಾಸವಿತ್ತು, ಕೈ ತಪ್ಪು ಮಾಡಿರಲಿಲ್ಲ. ಅಳತೆ ಎಲ್ಲ ಕೂದಲೆಳೆಯಷ್ಟೂ ತಪ್ಪಿಲ್ಲ. ಬರೆಯುವ ಹೊತ್ತಿಗೆ ಮಾತ್ರ ಒಂದು ಪದ ಹಿಡಿದುಕೊಂಡು ಹತ್ತು ಹಕ್ಕಿಗೆ ಎಳೆದುಬಿಟ್ಟಿದ್ದ. ಇದೇ ಮನುಷ್ಯ ಆಮೇಲೆ ಹೊಸಬರಿಗೆ ಕಿವಿ ಹಿಂಡಿ ಕಲಿಸಿದ್ದು: "ಜೀವ ಹೋದ ಒಂದು ಗಂಟೆಗೆ ಕಣ್ಣಿನ ಬಣ್ಣ ಹೋಗ್ತದೆ. ಪುಕ್ಕ ನೂರು ವರ್ಷ ಇರ್ತದೆ, ಮೂಳೆ ಸಾವಿರ ವರ್ಷ ಇರ್ತದೆ. ಕಣ್ಣು ಮಾತ್ರ ನಿನ್ನ ಪೆನ್ಸಿಲ್ಲಲ್ಲಿ ಇರೋದು, ಕತ್ತೆ!"

ಉತ್ತರ ಅಟ್ಟದಲ್ಲೇ ಇದೆ ಅಂತ ತಿಳಿದೂ ಹುಡುಕಬೇಕು ಅಂದಿದ್ದ. ಈಗ ನೋಡಿದರೆ ನಿಜವಾಗಿಯೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಗಡ್ಡ ಬೋಳಿಸಿದ. ಮೂಲೆಯ ಅಂಗಡಿಗೆ ಹೋಗಿ ಒಂದು ಚಹಾ ಕಪ್ಪು ಕೊಂಡ; ಮನೆಯಲ್ಲಿ ಇದ್ದದ್ದು ಒಂದೇ, ಮೊನ್ನೆ ಅವಳಿಗೆ ಅದರಲ್ಲಿ ಕೊಟ್ಟು ತಾನು ಕುಡಿಯದೆ ಕೂತಿದ್ದ. ಟ್ರಂಕನ್ನು ಮಂಚದಡಿ ತಳ್ಳಿ ಹೊದಿಕೆ ಇಳಿಬಿಟ್ಟ. ನಿಜ ಹೇಳಿಬಿಡಬೇಕು ಅಂತಲೇ ಇದ್ದ. ಆದರೆ ಅವಳು ಏದುಸಿರು ಬಿಡುತ್ತ ಬಂದು, "ನಿಮಗೆ ತೋರಿಸೋಣ ಅಂತ ತಂದೆ," ಅಂತ ಚೀಲದಿಂದ ಒಂದು ಚಪ್ಪಟೆ ಡಬ್ಬಿ ತೆಗೆದಳು. ಅವನು ಹೇಳಬೇಕಾದದ್ದನ್ನು ಬಿಟ್ಟು ಡಬ್ಬಿಯ ಕಡೆ ಬಾಗಿದ.

ಡಬ್ಬಿಯ ಮುಚ್ಚಳ ತೆಗೆದರೆ ಹತ್ತಿಯ ಮೇಲೆ ಸಾಲು ಸಾಲು ಕಣ್ಣು. ಸಾಸಿವೆಯಷ್ಟು ಚಿಕ್ಕವು, ಅವರೆಕಾಳಿನಷ್ಟು ದೊಡ್ಡವು. ಕೆಂಪು, ಜೇನು, ಗಂಧಕ ಹಳದಿ, ಮುತ್ತಿನ ಬಿಳಿ.

"ಇದು ಯಾರದು ಹೇಳಿ ನೋಡೋಣ?" ಚಿಮಟದಲ್ಲಿ ಒಂದನ್ನೆತ್ತಿದಳು. ತಿಳಿಹಳದಿ.

"ಮರಪಾರಿವಾಳ," ಅಂದ ತಡಮಾಡದೆ. "ಕತ್ತಿನ ಪಕ್ಕ ಬಿಳಿ ಪಟ್ಟಿ. ಹಾರುವಾಗ ರೆಕ್ಕೆ ಚಪ್ಪಾಳೆ ತಟ್ಟಿದ ಹಾಗೆ."

"ಇದು?"

"ಸುತ್ತ ಕೆಂಪು ಉಂಗುರ ಇದೆಯಲ್ಲ. ವಜ್ರಬೆಳವ. ರೆಕ್ಕೆ ಮೇಲೆ ಸುಣ್ಣ ಚಿಮುಕಿಸಿದಂಗೆ ಚುಕ್ಕಿ. ಅಂಗೈಯಲ್ಲಿ ಮುಚ್ಚಿ ಹಿಡೀಬಹುದು ಅದನ್ನ."

"ಅಯ್ಯಪ್ಪ, ಮಾಮ! ನಮ್ಮ ಮೇಡಂಗೂ ಇಷ್ಟು ಬೇಗ ಬರಲ್ಲ."

ಸರ್ ಹೋಗಿ ಮಾಮ ಬಂದಿತ್ತು. ಹತ್ತಿ ಮಾಮ ಮಾತಿಗೆ ಬಿದ್ದ. ಎದೆಯ ನಡುವೆ ಗುಂಡೇಟು ಬಿದ್ದ ಹಾಗೆ ಕೆಂಪು ಮಚ್ಚೆ ಇರುವ ಪಾರಿವಾಳದ ಕಥೆ ಹೇಳಿದ: ಮೊದಲ ಸಲ ಕೈಗೆತ್ತಿಕೊಂಡಾಗ ಗಾಯ ಅಂದುಕೊಂಡು ಅರ್ಧ ಗಂಟೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದ, ಗುಡಾರದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಕೊಕ್ಕಿನಲ್ಲಿ ಗರಗಸದಂಥ ಹಲ್ಲಿರುವ ಜಾತಿ ಬಗ್ಗೆ ಹೇಳಿದ. ಬೇರೆ ಹಕ್ಕಿಗಳು ಒಂದು ಗುಟುಕಿಗೊಮ್ಮೆ ಕತ್ತೆತ್ತಿದರೆ ಇವು ಎಮ್ಮೆಯ ಹಾಗೆ ಮೂತಿ ಇಟ್ಟು ನೀರು ಹೀರುತ್ತವೆ ಅಂದ. ಗೂಡು ನೋಡಿದರೆ ನಾಲ್ಕು ಕಡ್ಡಿ, ಕೆಳಗೆ ನಿಂತರೆ ಮೊಟ್ಟೆ ಕಾಣಬೇಕು, ಅಷ್ಟು ಸೋಮಾರಿ ಸಂಸಾರ; ಆದರೆ ಮರಿ ಹುಟ್ಟಿದ ಮೇಲೆ ಗಂಡೂ ಹೆಣ್ಣೂ ಎರಡೂ ಗಂಟಲಿಂದ ಹಾಲು ಕೊಡುತ್ತವೆ.

"ಗಂಡೂನಾ?" ಅಂದಳು ಕಣ್ಣಕ್ಕ. "ನಮ್ಮನೆಯವರಿಗೆ ಇದನ್ನ ಹೇಳ್ಬೇಕು. ಲಾರಿ ಓಡಿಸ್ತಾರೆ. ಮನೆಗೆ ಬಂದ್ರೆ ಹಾಲು ಬಿಸಿ ಮಾಡಕ್ಕೂ ನನ್ನೇ ಕೂಗಬೇಕು."

ಅಷ್ಟರಲ್ಲಿ ಅವಳ ಫೋನು ಬಂತು. ಅತ್ತೆ. "ಹೂಂ ಅತ್ತೆ, ಬಂದೆ ಅತ್ತೆ, ಅವಳಿಗೆ ಊಟ ಹಾಕಿಬಿಡಿ ಅತ್ತೆ." ಇಟ್ಟ ತಕ್ಷಣ ಮತ್ತೆ ಬಂತು. ವರ್ಕ್‌ಶಾಪು. ಅವಳ ಬದುಕಿನಲ್ಲಿ ಎಲ್ಲರೂ ಅವಳನ್ನು ಕೂಗುವವರೇ. ಹತ್ತಿ ಮಾಮ ತಣ್ಣಗಾದ ಹೊಸ ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ಕಾದ.

"ಸರಿ ಮಾಮ, ನಲವತ್ತೆರಡು? ಸಿಕ್ತಾ ಪುಸ್ತಕ?"

ಈಗ ಹೇಳಬೇಕಿತ್ತು. "ಅದು... ಟ್ರಂಕಿನಲ್ಲಿತ್ತು," ಅಂದ. "ಟ್ರಂಕು ನನ್ನ ತಂಗಿ ಮನೇಲಿದೆ ಅಂತ ಆಮೇಲೆ ಜ್ಞಾಪಕ ಬಂತು. ಹೇಳಿ ಕಳಿಸಿದ್ದೀನಿ. ಸೋಮವಾರದ ಹೊತ್ತಿಗೆ ಬರ್ತದೆ."

ಅವಳ ಮುಖ ಇಳಿಯಿತು. "ಮಂಗಳವಾರ ಗಾಜು ಮುಚ್ಚಿ ಸೀಲ್ ಮಾಡ್ತಾರೆ ಮಾಮ. ಸೋಮವಾರವೇ ಕೊನೆ." ಡಬ್ಬಿಯನ್ನು ಅವನ ಕಡೆ ತಿರುಗಿಸಿದಳು. "ನೋಡಿ, ಒಂದು ಸಲ ಸುಮ್ನೆ ಇದರಲ್ಲಿ ಕಣ್ಣಾಡಿಸಿ. ಕೈಯಲ್ಲಿ ಹಿಡಿದೋರು ನೀವು. ನೋಡಿದ್ರೆ ತಾನಾಗೇ ಹೊಳೀಬಹುದು."

ಹತ್ತಿ ಮಾಮ ನೋಡಿದ. ನೂರಾರು ಕಣ್ಣು ಅವನನ್ನೂ ನೋಡಿದವು. ಮೂರನೇ ಸಾಲಿನಲ್ಲಿ ಒಂದು ಜೇನುಬಣ್ಣದ್ದಿತ್ತು, ಚೆಂದದ್ದು. ಮಣ್ಣು ಬಣ್ಣದ ಮೈಗೆ ಒಪ್ಪುತ್ತದೆ. ಇದೇ ಅಂದರೆ ಮುಗಿಯಿತು. ಯಾರು ಬಂದು ಇಲ್ಲ ಅನ್ನುತ್ತಾರೆ? ಹಕ್ಕಿ ಬರುತ್ತದೆಯೇ? ಬೆರಳು ಅದರ ಮೇಲೆ ಹೋಯಿತು.

"ಜೇನಾ?" ಅಂದಳು ಆಸೆಯಿಂದ.

"ಇರಬಹುದು."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಮುಚ್ಚಳ ಹಾಕಿದಳು. "ಇರಬಹುದು ಅನ್ನೋ ಬಣ್ಣ ನನ್ನ ಡಬ್ಬೀಲಿಲ್ಲ ಮಾಮ. ಸೋಮವಾರ ಬರ್ತೀನಿ."

ಶನಿವಾರ, ಭಾನುವಾರ ಹತ್ತಿ ಮಾಮ ನೆನಪನ್ನು ಹಿಂಡಿದ. ಕಣ್ಣು ಮುಚ್ಚಿದರೆ ಆ ಹಕ್ಕಿ ಬರುತ್ತಿತ್ತು. ಅಂಗೈಯ ಮೇಲೆ ಅದರ ತೂಕ ಬರುತ್ತಿತ್ತು, ಬೆಚ್ಚಗಿನ ಹೊಟ್ಟೆ ಬರುತ್ತಿತ್ತು, ಪುಕ್ಕದಲ್ಲಿ ಅಂಟಿದ್ದ ಹಣ್ಣಿನ ಹುಳಿ ವಾಸನೆ ಕೂಡ ಬರುತ್ತಿತ್ತು. ತಲೆಯನ್ನು ಬೆಳಕಿನ ಕಡೆಗೆ ತಿರುಗಿಸಿದರೆ ಕಣ್ಣಿನ ಜಾಗದಲ್ಲಿ ಹತ್ತಿ. ಎಷ್ಟು ಸಲ ತಿರುಗಿಸಿದರೂ ಹತ್ತಿಯೇ. ತಂಗಿಗೆ ಫೋನು ಮಾಡಿ, "ಆ ದ್ವೀಪದಿಂದ ಬಂದಾಗ ನಿನಗೆ ಏನಾದ್ರೂ ಹೇಳಿದ್ನಾ, ಪಾರಿವಾಳದ ವಿಷಯ?" ಅಂತ ಕೇಳಿದ. "ನೀನು ಯಾವಾಗ ಏನು ಹೇಳಿದ್ದೀಯ ಅಣ್ಣಾ?" ಅಂದಳು ಅವಳು. "ಬರೋದು, ಬಟ್ಟೆ ಒಗೆಯೋಕೆ ಹಾಕೋದು, ಹೋಗೋದು. ಬಿ.ಪಿ. ಮಾತ್ರೆ ತಗೊಂಡ್ಯಾ?"

ಸೋಮವಾರ ಮಧ್ಯಾಹ್ನ ಮಿಷಿನ್ನಿನ ಸದ್ದು ನಿಂತಿತು. ಕೆಳಗಿನ ಮಹಡಿಯಲ್ಲಿ ಮಾತು ಕೇಳಿಸಿತು. ದರ್ಜಿಯಮ್ಮನ ಗಂಟಲು ಮೂರು ಮಹಡಿಗೂ ಸಾಕಾಗುವಂಥದ್ದು.

"ಓ, ನೀವೇನಾ ಆಫೀಸಿನವರು! ಸಿಕ್ತಾ ನಿಮ್ಮ ದಾಖಲೆ?"

"ಇನ್ನೂ ಇಲ್ಲ. ಟ್ರಂಕ್ ಅವರ ತಂಗಿ ಮನೆಯಿಂದ ಬರಬೇಕಂತೆ."

"ಯಾವ ತಂಗಿ ಮನೆ? ಟ್ರಂಕ್ ಇಲ್ಲೇ ಇದೆಯಲ್ಲ! ನೀವು ಮೊದಲನೇ ಸಲ ಬಂದು ಹೋದ್ರಲ್ಲ, ಅವತ್ತೇ ನಾನೂ ಅವರೂ ಅಟ್ಟದಿಂದ ಇಳಿಸಿದ್ವಿ. ನನ್ನ ನಡು ಇನ್ನೂ ಹಿಡ್ಕೊಂಡಿದೆ, ನೋಡಿ, ಬಗ್ಗೋಕೆ ಆಗಲ್ಲ."

ಹೆಜ್ಜೆ ಸದ್ದು ಮೇಲೆ ಬಂತು, ಒಂದೊಂದೇ ಮೆಟ್ಟಿಲು. ಹತ್ತಿ ಮಾಮ ಮಂಚದಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದ.

ಅವಳು ಒಳಗೆ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ. ಇಳಿಬಿದ್ದ ಹೊದಿಕೆಯನ್ನು ನೋಡಿದಳು, ಅದರಡಿ ಇಣುಕುತ್ತಿದ್ದ ತಗಡಿನ ಮೂಲೆಯನ್ನು ನೋಡಿದಳು.

"ಯಾಕೆ ಮಾಮ?"

ಅವನು ಉತ್ತರ ಹುಡುಕುವಷ್ಟರಲ್ಲಿ ಅವಳಿಗೆ ಸಿಟ್ಟು ಬಂದೇಬಿಟ್ಟಿತು. "ಎರಡು ಬಸ್ ಬದಲಾಯಿಸಿ ಬರ್ತೀನಿ ನಾನು. ಇವತ್ತು ಮಗಳ ಸ್ಕೂಲಲ್ಲಿ ಮೀಟಿಂಗ್ ಇತ್ತು, ಅತ್ತೇನ ಕಳಿಸಿ ಬಂದಿದ್ದೀನಿ. ಮೇಡಂ ಹತ್ತಿರ ಒಂದು ವಾರ ಕಾಡಿ ಬೇಡಿ ಟೈಮ್ ತಗೊಂಡಿದ್ದೀನಿ. ಒಂದು ಬಣ್ಣ ಹೇಳೋಕೆ ನಿಮಗೇನು ಕಷ್ಟ ಇತ್ತು?"

"ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ," ಅಂದ ಹತ್ತಿ ಮಾಮ.

ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕ ಮಾತು ಆಡಿದ್ದಕ್ಕೆ ಕೋಣೆಗೇ ನಾಚಿಕೆಯಾದಂತಾಯಿತು. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಸರಿ. ಈಗ ಹೇಳಿ. ಯಾವ ಬಣ್ಣ?"

"ಗೊತ್ತಿಲ್ಲ."

"ಮಾಮ!"

"ನಿಜವಾಗ್ಲೂ ಗೊತ್ತಿಲ್ಲಮ್ಮ."

"ಇನ್ನೆಷ್ಟು ದಿನ ಆಡಿಸ್ತೀರಿ ನನ್ನ? ನಾಳೆ ಸೀಲ್ ಮಾಡ್ತಾರೆ. ನಾಳೆ ಆದ ಮೇಲೆ ನೀವು ಹೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಾನು ಹೇಗೂ ಬರಲ್ಲ."

ಸುಳ್ಳು ಹೇಳಿದಾಗ ಎರಡು ಸಲವೂ ನಂಬಿದ್ದಳು. ಹತ್ತಿ ಮಾಮ ಬಗ್ಗಿ, ಮಂಡಿಯೂರಿ, ಟ್ರಂಕನ್ನು ಎಳೆದ. ಅದು ನೆಲಕ್ಕೆ ಕೆರೆದು ಕಿರ್ರೆಂದಿತು. ಅವಳು ಸಹಾಯಕ್ಕೆ ಬರಲಿಲ್ಲ. ನೋಟ್‌ಬುಕ್ ತೆಗೆದು, ಪುಟ ತೆರೆದು, ಅವಳ ಕೈಗೆ ಕೊಟ್ಟ. ಐವತ್ತೊಂದು ವರ್ಷದಲ್ಲಿ ಆ ಪುಟವನ್ನು ಅವನು ಯಾರ ಕೈಗೂ ಕೊಟ್ಟಿರಲಿಲ್ಲ.

ಅವಳು ನಿಂತೇ ಓದಿದಳು. ಕಿತ್ತಳೆ ಅಂಟಿದ ಉಗುರು ಸಾಲಿನಿಂದ ಸಾಲಿಗೆ ಮೇಲೇರಿತು. ನಲವತ್ತೆರಡು, ನಲವತ್ತೊಂದು, ನಲವತ್ತು. ಪುಟ ಮಗುಚಿತು. ಉಗುರು ಮತ್ತೆ ಕೆಳಗಿಂದ ಶುರುವಾಗಿ ಮೇಲೇರಿ ನಿಂತಿತು.

"ಕೋಗಿಲೆ," ಅಂದಳು.

"ಜ್ವರ ಇತ್ತು," ಅಂದ. ಅಂದಮೇಲೆ ಅದೂ ಬೇಡವಾಗಿತ್ತು ಅನ್ನಿಸಿತು. "ಜ್ವರ ಎಲ್ಲರಿಗೂ ಇತ್ತು. ನೋಡಬೇಕಾಗಿತ್ತು, ನೋಡಲಿಲ್ಲ. ಕೈಯಲ್ಲೇ ಇತ್ತು, ಇನ್ನೂ ಬಿಸಿಯಾಗೇ ಇತ್ತು. ಅಷ್ಟು ಅಳತೆ ತಗೊಂಡೆ. ಒಂದು ಸಲ ಮುಖ ನೋಡಲಿಲ್ಲ."

ಅವಳು ಈಗ ಕುರ್ಚಿಯಲ್ಲಿ ಕೂತಳು. ನೋಟ್‌ಬುಕ್ ತೊಡೆಯ ಮೇಲೆ ತೆರೆದೇ ಇತ್ತು. ಬೈಯುತ್ತಾಳೆ ಅಂತ ಕಾದ. ಬೈಯಲಿಲ್ಲ. ಸಾಮಾನು ಕಡಿಮೆ ಬಿದ್ದಾಗ ಕೆಲಸದವರು ಯೋಚನೆ ಮಾಡುವ ಹಾಗೆ, ತುಟಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಗೋಡೆ ನೋಡಿದಳು.

"ಹಾಗಾದ್ರೆ ಮಲಗಿಸಿಬಿಡ್ತೀವಿ," ಅಂದಳು.

"ಏನು?"

"ಹಕ್ಕೀನ. ಕತ್ತು ಒಳಗೆ ಎಳ್ಕೊಂಡು, ಪುಕ್ಕ ಉಬ್ಬಿಸ್ಕೊಂಡು ನಿದ್ದೆ ಮಾಡ್ತಿರೋ ಹಾಗೆ. ಕಣ್ಣು ಮುಚ್ಚಿದ್ರೆ ಯಾವ ಬಣ್ಣ ಅಂತ ಯಾರು ಕೇಳ್ತಾರೆ? ಕಣ್ಣು ಕೂರಿಸೋಕೆ ಅಂತ ಇದೊಂದರ ತೊಗಲು ಇನ್ನೂ ಮೆದುವಾಗೇ ಇಟ್ಟಿದ್ದೀವಿ, ಇವತ್ತು ಸಂಜೆ ಕೂತ್ರೆ ಆಗುತ್ತೆ. ಚೀಟೀಲಿ 'ಕಣ್ಣಿನ ಬಣ್ಣ ಯಾರಿಗೂ ಗೊತ್ತಿಲ್ಲ' ಅಂತ ಬರೆಸ್ತೀನಿ. ಮೇಡಂ ಒಪ್ಪದೆ ಏನು ಮಾಡ್ತಾರೆ."

ಹತ್ತಿ ಮಾಮನ ಒಳಗಿದ್ದ ಕೆಲಸಗಾರ ಎದ್ದು ಕೂತ. "ಮೇಲಿನ ರೆಪ್ಪೆ ಎಳೀಬೇಡಿ," ಅಂದ. "ಮನುಷ್ಯರ ಹಾಗಲ್ಲ. ಪಾರಿವಾಳಕ್ಕೆ ಕೆಳಗಿನ ರೆಪ್ಪೆ ಮೇಲಕ್ಕೆ ಬರ್ತದೆ. ಗೀರು ಮಧ್ಯಕ್ಕಲ್ಲ, ಮೇಲೆ ಇರಬೇಕು. ಒಳಗೆ ಸ್ವಲ್ಪ ಹೆಚ್ಚೇ ಹತ್ತಿ ಕೊಡಿ, ಇಲ್ಲಾಂದ್ರೆ ಒಣಗಿದ ಮೇಲೆ ಗುಳಿ ಬಿದ್ದು ಸತ್ತ ಹಾಗೆ ಕಾಣ್ತದೆ."

ಅವಳು ಬರೆದುಕೊಂಡಳು, ತನ್ನ ಫೋನಿನಲ್ಲಿ, ಹೆಬ್ಬೆರಳಿನಿಂದ. "ಕೆಳಗಿನದು ಮೇಲಕ್ಕೆ. ಹೆಚ್ಚು ಹತ್ತಿ." ನೋಟ್‌ಬುಕ್ ಮುಚ್ಚಿ ಸ್ಟೂಲಿನ ಮೇಲಿಟ್ಟು ಎದ್ದಳು. ಬಾಗಿಲವರೆಗೆ ಹೋಗಿ ನಿಂತಳು.

"ಬನ್ನಿ ಅಂತ ಬಾಯಿಬಿಟ್ಟು ಕರೆದಿದ್ರೆ ಬರ್ತಿರಲಿಲ್ವಾ ಮಾಮ? ಇಷ್ಟೆಲ್ಲಾ ಯಾಕೆ ಬೇಕಿತ್ತು?"

ಹತ್ತಿ ಮಾಮ ತಲೆ ಎತ್ತಿದ. "ಬರ್ತಿದ್ರಾ?"

ಅವಳು ಹೌದು ಅನ್ನಲು ಬಾಯಿ ತೆರೆದಳು. ತೆರೆದದ್ದು ಹಾಗೇ ಉಳಿಯಿತು. ಇರಬಹುದು ಅನ್ನುವ ಬಣ್ಣ ಬಳಸದ ಹೆಂಗಸು ಅವಳು. ಲಾರಿಯ ಗಂಡ, ಅತ್ತೆ, ಮಗಳು, ಎರಡು ಬಸ್ಸು, ವರ್ಕ್‌ಶಾಪು ಎಲ್ಲವೂ ಅವಳ ಮುಖದಲ್ಲಿ ಒಂದರ ಹಿಂದೊಂದು ಹಾದುಹೋದದ್ದನ್ನು ಹತ್ತಿ ಮಾಮ ಈ ಸಲ ಸರಿಯಾಗಿ ನೋಡಿದ.

"ಇಲ್ಲ ಅನ್ಸುತ್ತೆ," ಅಂದಳು. "ಬರ್ತಿರಲಿಲ್ಲ ಅನ್ಸುತ್ತೆ ಮಾಮ."

"ಹೂಂ," ಅಂದ. ಅವನಿಗೆ ಯಾಕೋ ಆ ಮಾತು ಕಹಿ ಅನ್ನಿಸಲಿಲ್ಲ. ತುಂಬ ದಿನದ ಮೇಲೆ ಯಾರೋ ಅವನಿಗೆ ಸರಿಯಾದ ಅಳತೆ ಹೇಳಿದ್ದರು.

"ಬರ್ತೀನಿ ಮಾಮ."

"ಹುಷಾರಾಗಿ ಹೋಗಮ್ಮ."

ಹೊರಟವರೆಲ್ಲ ಬರ್ತೀನಿ ಅಂತಲೇ ಹೇಳುವುದು. ಬೇರೆ ಮಾತು ನಮ್ಮಲ್ಲಿ ಇಲ್ಲ. ಅವಳು ಮೆಟ್ಟಿಲಿಳಿದಳು. ಆ ಕಟ್ಟಡದ ಮೆಟ್ಟಿಲಿಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ದೀಪಕ್ಕೆ ಪ್ರತಿ ಮಹಡಿಯಲ್ಲೂ ಒಂದು ಗುಂಡಿಯಿದೆ. ಒತ್ತಿದರೆ ಒಂದು ನಿಮಿಷ ಉರಿದು ತಾನಾಗಿಯೇ ಆರುತ್ತದೆ. ಬರುವಾಗ ಅವಳು ಒತ್ತಿದ್ದ ದೀಪ ಎಂದೋ ಆರಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಹೆಜ್ಜೆಗಳು ನಿಂತವು, ಕೈ ಗೋಡೆ ತಡವುವ ಸದ್ದು ಬಂತು.

ಹತ್ತಿ ಮಾಮ ಬಾಗಿಲಿನಿಂದ ಹೊರಗೆ ಕೈಚಾಚಿ ಗುಂಡಿ ಒತ್ತಿದ. ಮೇಲಿನಿಂದ ಕೆಳಗಿನವರೆಗೆ ದೀಪಗಳೆಲ್ಲ ಹತ್ತಿಕೊಂಡವು. ಹೆಜ್ಜೆಗಳು ಮತ್ತೆ ಹೊರಟವು, ಈಗ ಬೇಗ ಬೇಗ. ಕೆಳಗೆ ಬೀದಿ ಬಾಗಿಲು ತೆರೆದು ಮುಚ್ಚಿತು. ಅವನು ಮೆಟ್ಟಿಲಂಚಿನ ಕಟಾಂಜನ ಹಿಡಿದು ಅಲ್ಲೇ ನಿಂತಿದ್ದ. ಖಾಲಿ ಮೆಟ್ಟಿಲುಗಳ ಮೇಲೆ ದೀಪ ಇನ್ನೂ ಸ್ವಲ್ಪ ಹೊತ್ತು ಉರಿಯಿತು, ಆಮೇಲೆ ಟಕ್ಕೆಂದು ಆರಿತು.